ಎರಡು ಟ್ಯಾಂಕರು, ಒಂದು ಆಣೆ

ವನಜಾ ಹಾಲಿನವನನ್ನು ನಂಬುತ್ತಿರಲಿಲ್ಲ. ಉಗುರಿನ ಮೇಲೆ ಒಂದು ಹನಿ ಬಿಟ್ಟು, ಅದು ಹೇಗೆ ಜಾರುತ್ತದೆಂದು ನೋಡಿಯೇ ಪಾತ್ರೆ ಮುಂದೊಡ್ಡುತ್ತಿದ್ದಳು. ಗ್ಯಾಸ್ ತಂದವನನ್ನೂ ನಂಬುತ್ತಿರಲಿಲ್ಲ. ಅವನ ಎದುರಿಗೇ ಸಿಲಿಂಡರ್ ಅಲುಗಿಸಿ, ಸೀಲು ಮುಟ್ಟಿ, ಆಮೇಲೆ ಒಳಗಿಡಿಸಿಕೊಳ್ಳುತ್ತಿದ್ದಳು. ಅಂಗಡಿಯ ಅಕ್ಕಿಯನ್ನು ಮೊರದಲ್ಲಿ ಹರಡಿ ನೋಡುವಳು, ಔಷಧಿ ಬಾಟಲಿಯ ತಾರೀಕನ್ನು ಬೆಳಕಿಗೆ ಹಿಡಿದು ಓದುವಳು. ಇಂಥವಳು ಬದುಕಿನಲ್ಲಿ ಕಣ್ಣುಮುಚ್ಚಿ ನಂಬಿದ್ದು ಒಂದನ್ನು ಮಾತ್ರ. ಅದು ರಾಮಾಂಜಿನಪ್ಪ ಮತ್ತು ನಲ್ಲಪ್ಪ ಎಂಬ ಅಣ್ಣತಮ್ಮಂದಿರ ಜಗಳ.

ಅನುಮಾನ ಅವಳಿಗೆ ಅಂಟಿಕೊಂಡದ್ದು ಬೇಗೂರಿನಲ್ಲಿ, ಬೀದಿ ನಲ್ಲಿಯ ಮುಂದೆ. ಅಪ್ಪ ಬಸ್ ಕಂಡಕ್ಟರ್. ದೇವಸ್ಥಾನದ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ. ನೀರು ಯಾವಾಗ ಬರುತ್ತದೆಂದು ಯಾರಿಗೂ ತಿಳಿಯದು. ಬಿಂದಿಗೆಗಳನ್ನು ಸಾಲಿಗಿಟ್ಟು, ಮಗಳನ್ನು ಕಾವಲು ಕೂರಿಸಿ ಅಮ್ಮ ಒಲೆಯ ಕಡೆ ಹೋಗುತ್ತಿದ್ದರು. ಹುಡುಗಿ ಒಂದು ಸಲ ಅತ್ತ ತಿರುಗಿದರೆ ಸಾಕು, ಅವರ ಬಿಂದಿಗೆ ಹಿಂದಕ್ಕೆ ಸರಿದಿರುತ್ತಿತ್ತು. ಯಾರು ಸರಿಸಿದಿರೆಂದು ಕೇಳಿದರೆ ಎಲ್ಲರೂ ನಗುವವರೇ, ಎಲ್ಲರೂ ತಲೆ ಸವರುವವರೇ. ಹೀಗೆ ನಗುವ ಮುಖಗಳನ್ನು ಅನುಮಾನದಿಂದ ನೋಡುವುದು ಅವಳಿಗೆ ರೂಢಿಯಾಯಿತು. ಮುಂದೆ ಪಿಯುಸಿ ಮುಗಿಸಿ, ಚಿಕ್ಕಮಕ್ಕಳಿಗೆ ಕಲಿಸುವ ತರಬೇತಿ ಪಡೆದು, ಮಹದೇವಪುರದ ಹಿಂಬದಿಯ ಹಳ್ಳಿಯೊಂದಕ್ಕೆ ಸೊಸೆಯಾಗಿ ಬಂದಳು.

ಹಳ್ಳಿ ಎಂದರೆ ಹೆಸರಿಗಷ್ಟೇ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಗಾಜಿನ ಕಟ್ಟಡಗಳು ನಿಂತಿದ್ದವು. ಗಂಡ ನಂದೀಶ ಮನೆ ಕಟ್ಟುವವರಿಗೆ ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ಕೊಡುತ್ತಿದ್ದ. ಹೊಲ ಹೋದ ದುಡ್ಡಿನಲ್ಲಿ ಮನೆಯವರು ಮಹಡಿಯ ಮೇಲೆ ಮಹಡಿ ಎಬ್ಬಿಸಿ ಬಾಡಿಗೆಗೆ ಬಿಟ್ಟಿದ್ದರು. ಮೇಲಿನ ಮನೆಯಲ್ಲಿದ್ದ ಸಾಫ್ಟ್‌ವೇರ್ ದಂಪತಿ ಒಂದು ಬೆಳಿಗ್ಗೆ ಎಳೆಮಗುವನ್ನು ಎತ್ತಿಕೊಂಡು ಇಳಿದುಬಂದು, ಆಯಾ ಕೈಕೊಟ್ಟಿದ್ದಾಳೆ, ಇವತ್ತೊಂದು ದಿನ ನೋಡಿಕೊಳ್ಳಿ ಎಂದು ಅಂಗಲಾಚಿದರು. ಆ ಒಂದು ದಿನವೇ ಬೆಳೆದು ‘ಮರಿಗುಬ್ಬಿ’ ಎಂಬ ಹೆಸರಿನ ಶಿಶುವಿಹಾರವಾಯಿತು. ನೆಲಮಹಡಿಯ ಗೋಡೆಗೆ ಆನೆ, ಬಾಳೆಹಣ್ಣು, ರೈಲು ಬಂದವು. ಅದೇ ಊರಿನ ಮುನಿಯಕ್ಕ ಮಕ್ಕಳ ಮುಖ ಮೂತಿ ತೊಳೆಯಲು, ಅನ್ನ ಬೇಯಿಸಲು ಬಂದಳು. ತಾಯಂದಿರು ವನಜಾಳ ಅನುಮಾನದ ಬುದ್ಧಿಗೇ ಮರುಳಾಗಿ ಮಕ್ಕಳನ್ನು ಬಿಟ್ಟುಹೋಗುತ್ತಿದ್ದರು. ಬಾಗಿಲಲ್ಲಿ ಅಪರಿಚಿತರು ನಿಂತರೆ ಸ್ವಂತ ಅಜ್ಜನೆಂದರೂ ಮಗುವಿನ ಅಮ್ಮನಿಗೆ ಫೋನು ಮಾಡದೆ ಕಳಿಸುತ್ತಿರಲಿಲ್ಲ.

ಆದರೆ ನೀರು. ಮಕ್ಕಳಿರುವ ಮನೆಯಲ್ಲಿ ನೀರಿಲ್ಲ ಎಂದರೇನೆಂದು ಅನುಭವಿಸಿದವರಿಗೇ ಗೊತ್ತು. ದೊಡ್ಡವರಾದರೆ ತಡೆದುಕೊಂಡಾರು, ಮುಂದೂಡಿಯಾರು. ಮಗುವಿಗೆ ಈಗ ಎಂದರೆ ಈಗ. ಕಾವೇರಿ ನೀರಿನ ಪೈಪು ಆ ಊರಿನವರೆಗೆ ಬಂದಿರಲಿಲ್ಲ, ಮನೆಯ ಬೋರು ಬತ್ತಿಹೋಗಿತ್ತು. ಊರಿಗೆ ಊರೇ ಟ್ಯಾಂಕರ್ ಮೇಲೆ ನಿಂತಿತ್ತು. ಆ ಟ್ಯಾಂಕರುಗಳು ವನಜಾಳ ಮಾವನ ದಾಯಾದಿಗಳಾದ ರಾಮಾಂಜಿನಪ್ಪ ಮತ್ತು ನಲ್ಲಪ್ಪನವರವು.

ಇವರಿಬ್ಬರ ಕಥೆ ಊರಿಗೆಲ್ಲ ಬಾಯಿಪಾಠ. ಮನೆ ಭಾಗವಾದಾಗ ಬೋರು ಇದ್ದ ಕಡೆ ಅಣ್ಣನ ಪಾಲಿಗೆ ಬಿತ್ತು. ಪಂಚಾಯ್ತಿಯಲ್ಲಿ ಮಾತಿಗೆ ಮಾತು ಬೆಳೆದು, ಅಣ್ಣ “ನನ್ನ ನೀರು ಕುಡ್ಕಂಡು ನನ್ನೇ ಬಯ್ತೀಯೇನೋ” ಎಂದುಬಿಟ್ಟ. ನಲ್ಲಪ್ಪ ಎದ್ದವನೇ ಗಂಗಮ್ಮನ ಗುಡಿಯ ಮುಂದೆ ಕರ್ಪೂರ ಹಚ್ಚಿ, ಇನ್ನು ಅಣ್ಣನ ಮನೆಯ ಒಂದು ತೊಟ್ಟು ನೀರು ಮುಟ್ಟಿದರೆ ನನ್ನ ವಂಶ ನಿಲ್ಲದಿರಲಿ ಎಂದು ಆಣೆ ಇಟ್ಟ. ಅಂಗಳದ ನಡುವೆ ಗೋಡೆ ಎದ್ದಿತು. ಗೋಡೆಯ ಆಚೆ ನಲ್ಲಪ್ಪ ತಾನೂ ಒಂದು ಬೋರು ಕೊರೆಸಿ, ತಾನೂ ಟ್ಯಾಂಕರ್ ಬಿಟ್ಟ. ಆ ಬೋರಿನಲ್ಲಿ ನೀರು ಚಿಮ್ಮಿದ ದಿನ ಹೊಸ ಸೊಸೆ ವನಜಾಳೂ ಊರವರ ಜೊತೆ ನಿಂತು ನೋಡಿದ್ದಳು.

ಅವಳ ಲೆಕ್ಕಾಚಾರ ಸರಳವಾಗಿತ್ತು. ಒಬ್ಬನನ್ನೇ ನೆಚ್ಚಿಕೊಂಡರೆ ಅವನು ಕೈಕೊಟ್ಟ ದಿನ ಬಾಗಿಲು ಹಾಕಬೇಕು. ಗೆಳೆಯರಿಬ್ಬರನ್ನು ಇಟ್ಟುಕೊಂಡರೆ ಇಬ್ಬರೂ ಸೇರಿ ಆಟ ಆಡಿಸುತ್ತಾರೆ. ಮುಖ ನೋಡದ ಶತ್ರುಗಳಾದರೆ, ಒಬ್ಬ ಬರುವುದಿಲ್ಲ ಎಂದರೆ ಇನ್ನೊಬ್ಬ ಹಟಕ್ಕಾದರೂ ಬರುತ್ತಾನೆ. ಹಾಗಾಗಿ ಒಂದು ಲೋಡು ಅಣ್ಣನದು, ಮುಂದಿನದು ತಮ್ಮನದು. ಒಮ್ಮೆ ರಾಮಾಂಜಿನಪ್ಪನ ಗಾಡಿ ಕೆಟ್ಟಾಗ ನಲ್ಲಪ್ಪ ತಾನೇ ಓಡಿಸಿಕೊಂಡು ಬಂದು, “ಅವ್ನ ಗಾಡಿ ಅಂಗೇ ಕಣ್ ತಾಯಿ, ಅವ್ನಂಗೇ” ಎಂದು ನಕ್ಕು ನೆಲದಡಿಯ ಸಂಪು ತುಂಬಿಸಿ ಹೋಗಿದ್ದ. ವನಜಾಳಿಗೆ ತನ್ನ ಬುದ್ಧಿಯ ಬಗ್ಗೆ ತನಗೇ ಮೆಚ್ಚುಗೆಯಾಗಿತ್ತು.

ಎರಡು ಸಾವಿರದ ಹದಿಮೂರರ ಬೇಸಿಗೆಗೆ ಮುಂಚೆ ಮುಖ್ಯರಸ್ತೆಯಲ್ಲಿ ಹವಾನಿಯಂತ್ರಿತ ಪ್ಲೇ ಸ್ಕೂಲು ಒಂದು ತೆರೆಯಿತು. ಮರಿಗುಬ್ಬಿಯ ಮಕ್ಕಳು ಒಬ್ಬೊಬ್ಬರಾಗಿ ಅತ್ತ ಹಾರಿದರು. ನೆಲಮಹಡಿಯನ್ನು ಕೆಲಸಕ್ಕೆ ಬಂದ ಹುಡುಗರು ಉಳಿಯುವ ಪಿಜಿಗೆ ಕೊಟ್ಟುಬಿಡೋಣ ಎಂದು ಗಂಡ ಊಟದ ಹೊತ್ತಿಗೆಲ್ಲ ಮಾತೆತ್ತತೊಡಗಿದ. ಅತ್ತೆ ಈಶ್ವರಮ್ಮನವರೂ “ಉಡುಗ್ರಾದ್ರೆ ತಾವೇ ಮಾಡ್ಕತಾರೆ, ಕುಂಡೆ ತೊಳ್ಯೋ ಕೆಲ್ಸ ತಪ್ತದೆ” ಎಂದರು. ಗೋಡೆಯ ಆನೆಯ ಮೇಲೆ ಬಂಕ್ ಮಂಚ ಬಂದು ನಿಲ್ಲುವುದನ್ನು ನೆನೆದರೆ ವನಜಾಳಿಗೆ ಊಟ ಇಳಿಯುತ್ತಿರಲಿಲ್ಲ. ಆ ಮನೆಯಲ್ಲಿ ಅವಳದೆಂದು ಹೇಳಿಕೊಳ್ಳಲು ಇದ್ದದ್ದು ಆ ನೆಲಮಹಡಿ ಒಂದೇ.

ಅಂಥ ಹೊತ್ತಿನಲ್ಲಿ ವೇಣಿ ಬಂದಳು. ಹತ್ತಿರದ ಕಂಪನಿಯೊಂದರಲ್ಲಿ ಉದ್ಯೋಗಿಗಳ ಅನುಕೂಲ ನೋಡುವ ಅಧಿಕಾರಿ. ಅವಳಿಗೂ ಒಬ್ಬ ಪುಟ್ಟ ಮಗಳು. ಕಂಪನಿಯ ತಾಯಂದಿರ ಮಕ್ಕಳನ್ನೆಲ್ಲ ಒಂದೇ ಕಡೆ ಬಿಡಲು ಜಾಗ ಹುಡುಕುತ್ತಿದ್ದಳು. ಅಡುಗೆಮನೆ ನೋಡಿದಳು, ಕಿಟಕಿಯ ಚಿಲಕ ಎಳೆದು ನೋಡಿದಳು, ಮಕ್ಕಳ ಹಾಸಿಗೆಯನ್ನು ಮೂಗಿಗೆ ಹಿಡಿದಳು. ತನ್ನಂಥವಳೇ ಸಿಕ್ಕಿದಳೆಂದು ವನಜಾಳಿಗೆ ಒಳಗೊಳಗೇ ಖುಷಿ.

“ನೀರಿಗೆ ಏನ್ಮಾಡ್ತೀರಾ?” ಎಂದಳು ವೇಣಿ.

“ಟ್ಯಾಂಕರ್ ಮೇಡಂ. ಇಲ್ಲಿ ಎಲ್ಲರ್ದೂ ಟ್ಯಾಂಕರೇ.”

“ಅದು ಬರ್ಲಿಲ್ಲ ಅಂದ್ರೆ?”

ಇದೇ ಪ್ರಶ್ನೆಗೆ ಕಾದಿದ್ದವಳಂತೆ ವನಜಾ ಅಣ್ಣತಮ್ಮಂದಿರ ಕಥೆಯನ್ನು ಆಣೆಯ ಸಮೇತ ಹೇಳಿದಳು. ವೇಣಿ ನಕ್ಕಳು. “ನಮ್ಮ ಆಫೀಸಲ್ಲಿ ಇದಕ್ಕೆ ಬ್ಯಾಕಪ್ ವೆಂಡರ್ ಅಂತೀವಿ. ಆದ್ರೆ ಯಾರೂ ಜಗಳ ಆಡಿರೋರನ್ನೇ ಹುಡುಕ್ಕೊಂಡು ಹೋಗಲ್ಲ ವನಜಾ ಅವ್ರೇ.” ಆಮೇಲೆ ನಗು ನಿಲ್ಲಿಸಿ ಕೇಳಿದಳು: “ಇಬ್ರದೂ ಬೇರೆ ಬೇರೆ ಬೋರು ತಾನೆ? ಕಣ್ಣಾರೆ ನೋಡಿದ್ದೀರಾ?”

“ನೋಡಿದ್ದೀನಿ ಮೇಡಂ.”

ನೋಡಿದ್ದು ನಿಜ, ಆದರೆ ಯಾವ ಕಾಲದಲ್ಲಿ? ಮಾತು ಬಾಯಿಂದ ಹೊರಟ ಮೇಲೆ ಅವಳಿಗೆ ಅದು ಹೊಳೆಯಿತು.

“ಸಂಪಲ್ಲಿ ಒಂದು ದಿನಕ್ಕಾಗೋಷ್ಟು ಯಾವಾಗ್ಲೂ ಉಳಿಸ್ಕೊಳ್ಳಿ. ಒಂದು ತಿಂಗಳು ನೋಡೋಣ. ಮಕ್ಕಳನ್ನ ಬಿಟ್ಟು ಆಫೀಸಿಗೆ ಬಂದೋರಿಗೆ ಮಧ್ಯಾಹ್ನ ಫೋನ್ ಹೋಗ್ಬಾರ್ದು, ಕರ್ಕೊಂಡು ಹೋಗಿ ಅಂತ. ಅಷ್ಟು ಆದ್ರೆ ನಮ್ಮೋರೆಲ್ಲ ನಿಮ್ಮಲ್ಲಿಗೇ.”

ಸೋಮವಾರದಿಂದ ಮಕ್ಕಳು ಬಂದರು, ವೇಣಿಯ ಮಗಳೂ ಬಂದಳು. ಮರಿಗುಬ್ಬಿ ಮತ್ತೆ ಗಿಜಿಗುಟ್ಟಿತು. ವನಜಾಳ ತಲೆಯೊಳಗೆ ಮಾತ್ರ ವೇಣಿ ಕೇಳಿದ ಪ್ರಶ್ನೆ ಗುಂಯ್‌ಗುಟ್ಟುತ್ತಲೇ ಇತ್ತು.

ಮೊದಲು ಅನುಮಾನ ಬಂದದ್ದು ಬೇಳೆಯ ಮೇಲೆ. ನಲ್ಲಪ್ಪನ ನೀರಿನಲ್ಲಿ ಬೇಳೆ ಬೇಗ ಬೇಯುತ್ತಿತ್ತು, ರಾಮಾಂಜಿನಪ್ಪನ ನೀರು ಗಡಸು; ಇದು ಮುನಿಯಕ್ಕನೇ ಹಿಂದೆ ಹೇಳುತ್ತಿದ್ದ ಮಾತು. ಈಗ ಗಮನವಿಟ್ಟು ನೋಡಿದರೆ ಎರಡರಲ್ಲೂ ಬೇಳೆ ಕಾಳಾಗಿಯೇ ಉಳಿಯುತ್ತಿತ್ತು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಹೊಪ್ಪಳೆ ಕಟ್ಟುತ್ತಿತ್ತು, ಯಾವ ಲೋಡು ಬಂದರೂ.

“ಮುನಿಯಕ್ಕ, ಇದು ಚಿಕ್ಕಮಾವನ ನೀರು ಅಲ್ವಾ?”

“ಔದು ಕಣಮ್ಮ. ಗಾಡಿ ಅವರ್ದೇ.”

“ಗಾಡಿ ಅವರ್ದು. ನೀರು?”

ಮುನಿಯಕ್ಕ ಸೌಟು ಕೆಳಗಿಟ್ಟಳು. “ನೀರಿಗೇನು ಎಸ್ರು ಬರ್ದಿರ್ತಾರಾ? ಬೇಳೇನೇ ಅಳೇದಿರ್ಬೌದು. ಕೋಮ್ಟಿ ಅಂಗ್ಡಿಯೋನ್ನ ಇಡ್ಕಳಿ ಓಗಿ.”

ಬೇಳೆ ಬದಲಾಯಿಸಿ ನೋಡಿದ್ದಾಯಿತು, ಪಾತ್ರೆ ಬದಲಾಯಿಸಿ ನೋಡಿದ್ದಾಯಿತು. ಹೊಪ್ಪಳೆ ಹೋಗಲಿಲ್ಲ. ನಲ್ಲಪ್ಪ ಎಲ್ಲಿಂದ ತುಂಬಿಸುತ್ತಿದ್ದಾನೆ? ವರ್ತೂರಿನ ಕಡೆ ಕೆರೆಯ ನೀರನ್ನೇ ಎತ್ತಿ ಮಾರುತ್ತಾರೆಂದು ಯಾರೋ ತಾಯಿ ಹೇಳಿದ್ದು ನೆನಪಾಯಿತು. ಮಗುವೊಂದು ಎರಡು ಸಲ ಬೇಧಿ ಮಾಡಿಕೊಂಡರೆ ಸಾಕು, ವನಜಾ ಲೋಟದ ನೀರನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಲ್ಲುವಳು. ನಿಂತ ನೀರಿನಲ್ಲಿ ಸೊಳ್ಳೆಯ ಹುಳು ಬೆಳೆದು ಡೆಂಗಿ ಬರುತ್ತದೆಂಬ ಭಯ ಬೇರೆ. ವೇಣಿ ಉಳಿಸಿಕೊಳ್ಳಿ ಎಂದದ್ದನ್ನು ಅವಳು ಪಾಲಿಸಲೇ ಇಲ್ಲ. ಪ್ರತಿ ಲೋಡಿಗೆ ಮುಂಚೆ ಸಂಪನ್ನು ಬರಿದು ಮಾಡಿಸಿ, ತಳ ಉಜ್ಜಿಸಿ, ಒಣಗಿಸಿಯೇ ಹೊಸ ನೀರು ಬಿಡಿಸುತ್ತಿದ್ದಳು. ಹೇಗೂ ಇಬ್ಬರಿದ್ದಾರಲ್ಲ ಎಂಬ ಧೈರ್ಯ.

ಕೊನೆಗೆ ಅತ್ತೆಯ ಮುಂದೆ ಬಾಯಿಬಿಟ್ಟಳು. “ಅತ್ತೆ, ಚಿಕ್ಕಮಾವನ ಬೋರಲ್ಲಿ ನೀರಿದೆಯಾ?”

ಈಶ್ವರಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಕೈ ನಿಲ್ಲಿಸಿದರು. “ನೀರಿಲ್ದೆ ಗಾಡಿಗೆ ಏನು ಉಚ್ಚೆ ತುಂಬುಸ್ತಾನಾ?”

“ಬೇರೆ ಎಲ್ಲಾದ್ರೂ ತುಂಬಿಸ್ತಿದ್ರೆ?”

“ಎಲ್ಲಿ? ಈ ಊರಲ್ಲಿ ನೀರಿರೋದು ಎಲ್ಡೇ ತಾವು. ಒಂದು ಅವುಂದು, ಇನ್ನೊಂದು ಅವ್ರಣ್ಣಂದು. ಅಣ್ಣನ ತಾವ ಓಗ್ತಾನಾ ಅವ್ನು? ಗಂಗಮ್ಮನ ಮುಂದೆ ಕರ್ಪೂರ ಅಚ್ಚಿ ಆಣೆ ಇಟ್ಟವ್ನೆ. ಮೊಮ್ಮಗ ಬಂದವ್ನೆ ಮನೆಗೆ, ವಂಶ ಬ್ಯಾಡ್ವಾ ಅವ್ನಿಗೆ? ಇಂಗೆಲ್ಲ ಅನ್ಮಾನ ಪಟ್ರೆ ತಿಂದ ಅನ್ನ ಮೈಗತ್ತಲ್ಲ ಕಣಮ್ಮಿ.”

ಆದರೂ ತಡೆಯಲಾರದೆ, ಯುಗಾದಿಯ ಮಾರನೆಯ ದಿನ ಒಬ್ಬಟ್ಟಿನ ಡಬ್ಬಿ ಹಿಡಿದು ನಲ್ಲಪ್ಪನ ಮನೆಗೆ ಹೋದಳು. ಅವನ ಹೆಂಡತಿ ಭಾಗ್ಯಮ್ಮ ಬಾಗಿಲಲ್ಲೇ ಕೈ ಹಿಡಿದು ಒಳಗೆ ಎಳೆದುಕೊಂಡಳು. ಅಂಗಳಕ್ಕೆ ಬೆನ್ನು ಮಾಡಿ ಕೂರಿಸಿದಳು. ಒಂದು ತುತ್ತು ತಿನ್ನುವುದರೊಳಗೆ ಮೂರು ಸಲ, “ಮಕ್ಕಳು ಕಾಯ್ತಿರ್ತಾರೇನೋ ಕಣಮ್ಮ” ಎಂದಳು. ಹೊರಡುವಾಗ ವನಜಾ ಓರೆಗಣ್ಣಿನಲ್ಲಿ ನೋಡಿದಳು. ಅಂಗಳದ ಮೂಲೆಯಲ್ಲಿ ಬೋರಿನ ಪೈಪು, ಬಾಯಿಗೆ ತಗಡಿನ ಮುಚ್ಚಳ, ಅದಕ್ಕೆ ಹಬ್ಬದ ಅರಿಶಿನ ಕುಂಕುಮ, ಮೇಲೊಂದು ದಾಸವಾಳ. ಪಕ್ಕದಲ್ಲಿ ಟ್ಯಾಂಕರು ನಿಂತಿತ್ತು, ಅದರ ಕೆಳಗೆ ನೆಲ ಒದ್ದೆಯಾಗಿತ್ತು.

ಒಂದು ಹೆಜ್ಜೆ ಪಕ್ಕಕ್ಕಿಟ್ಟು ಆ ತಗಡು ಎತ್ತಿದ್ದರೆ ಮುಗಿಯುತ್ತಿತ್ತು. ಹಾಲಿನವನ ಮುಂದೆ ಉಗುರು ಚಾಚುವವಳಿಗೆ ಅದು ಯಾವ ದೊಡ್ಡ ಕೆಲಸ? ಆದರೆ ದಾಯಾದಿಯ ಅಂಗಳದಲ್ಲಿ ಪೂಜೆ ಮಾಡಿಟ್ಟ ಬೋರಿನ ಮುಚ್ಚಳ ಎತ್ತಿ ನೋಡುವುದೆಂದರೆ, ನಿನ್ನ ಆಣೆ ಸುಳ್ಳು ಎಂದು ಹಿರಿಯನ ಮುಖಕ್ಕೆ ಹೇಳಿದಂತೆ. ಹೊರಗಿನವರಾಗಿದ್ದರೆ ನೋಡಿಬಿಡುತ್ತಿದ್ದರು. ಸೊಸೆಯಾದದ್ದರಿಂದ ವನಜಾ ನೋಡಲಿಲ್ಲ. ಕುಂಕುಮ ಇಟ್ಟಿದ್ದಾರಲ್ಲ, ನೀರಿಲ್ಲದ ಬೋರಿಗೆ ಯಾರು ಹೂವಿಡುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡು ಮನೆಗೆ ಬಂದಳು.

ತಿಂಗಳು ಮುಗಿಯಲು ಕೆಲವೇ ದಿನ ಉಳಿದಿದ್ದವು. ಅಂದು ಬೆಳಿಗ್ಗೆ ರಾಮಾಂಜಿನಪ್ಪನ ಲೋಡು ಬರಬೇಕಿತ್ತು. ಮುನಿಯಕ್ಕ ಸಂಪಿಗೆ ಇಳಿದು ತಳ ಉಜ್ಜಿ, ಒರೆಸಿ, ಮೇಲೆ ಬಂದಿದ್ದಳು. ಮಕ್ಕಳೆಲ್ಲ ಬಂದು ಕೂತಿದ್ದರು. ಆಗ ರಾಮಾಂಜಿನಪ್ಪನ ಫೋನು ಬಂತು.

“ಮೋಟ್ರು ಸುಟ್ಟೋಯ್ತು ಕಣ್ ತಾಯಿ. ಇವತ್ತು ಆಗಲ್ಲ.”

ವನಜಾ ಗಾಬರಿಯಾಗಲಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಬೀಗಿದಳು. “ಪರವಾಗಿಲ್ಲ ಬಿಡಿ ದೊಡ್ಡಮಾವ, ಚಿಕ್ಕಮಾವನಿಗೆ ಹೇಳ್ತೀನಿ.”

ಆ ಕಡೆ ಒಂದು ಕೆಮ್ಮು. “ಯೋಳು, ಯೋಳು,” ಎಂದು ಫೋನಿಟ್ಟರು. ಆ ಕೆಮ್ಮು ಅವಳಿಗೆ ಸರಿಬೀಳಲಿಲ್ಲ.

ನಲ್ಲಪ್ಪ ಫೋನು ತೆಗೆದವನು “ಬತ್ತೀನಿ ತಾಯಿ, ಬತ್ತೀನಿ” ಎಂದ. ಬರಲಿಲ್ಲ. ಮತ್ತೆ ಮಾಡಿದಾಗ ಸ್ವಿಚ್ ಆಫ್. ತಾರಸಿಯ ಟ್ಯಾಂಕಿನಲ್ಲಿ ಉಳಿದಿದ್ದ ನೀರು ಮಕ್ಕಳ ತಿಂಡಿಯ ಕೈತೊಳೆಯುವುದರಲ್ಲೇ ಮುಗಿಯಿತು. ನಲ್ಲಿ ಕೊರಗುಟ್ಟಿ ಗಾಳಿ ಬಿಟ್ಟಿತು. ಒಂದು ಮಗು ಬಚ್ಚಲಿನಿಂದ “ಆಂಟೀ, ಆಯ್ತು” ಎಂದು ಕೂಗಿತು. ಅದನ್ನು ಕೇಳಿ ಇನ್ನೆರಡಕ್ಕೂ ಅವಸರವಾಯಿತು. ಮುನಿಯಕ್ಕ ಕುಡಿಯಲೆಂದು ಫಿಲ್ಟರಿನಲ್ಲಿದ್ದ ನೀರನ್ನೇ ಚೊಂಬಿಗೆ ಬಗ್ಗಿಸಿಕೊಂಡಳು. ಪಕ್ಕದ ಮನೆಯವರು ಒಂದು ಬಿಂದಿಗೆ ಕೊಟ್ಟರು, ಎರಡನೆಯದಕ್ಕೆ ಗೇಟಿನಲ್ಲೇ ಮುಖ ಚಿಕ್ಕದು ಮಾಡಿದರು. ಅವರದೂ ಟ್ಯಾಂಕರ್ ನೀರೇ ತಾನೆ. ಅಡುಗೆಮನೆಯಲ್ಲಿ ಅಕ್ಕಿ ತೊಳೆಯದೆ ಕೂತಿತ್ತು.

ವನಜಾ ಮಕ್ಕಳನ್ನು ಮುನಿಯಕ್ಕ ಮತ್ತು ಅತ್ತೆಗೆ ಒಪ್ಪಿಸಿ ಸ್ಕೂಟಿ ಹತ್ತಿದಳು.

ನಲ್ಲಪ್ಪನ ಅಂಗಳದಲ್ಲಿ ಟ್ಯಾಂಕರ್ ಬರಿದಾಗಿ ನಿಂತಿತ್ತು. ಯಾರೂ ಇರಲಿಲ್ಲ. ಗೋಡೆಯ ಆಚೆ ಗಲಾಟೆ ಕೇಳಿಸುತ್ತಿತ್ತು. ಇಣುಕಿದಳು. ರಾಮಾಂಜಿನಪ್ಪನ ಬೋರಿನ ಮೇಲೆ ಕಬ್ಬಿಣದ ಮುಕ್ಕಾಲಿ ನಿಲ್ಲಿಸಿ ಸುಟ್ಟ ಮೋಟಾರನ್ನು ಮೇಲೆಳೆಯುತ್ತಿದ್ದರು. ಮೆಕ್ಯಾನಿಕ್ ಇರಣ್ಣ ಪೈಪು ಹಿಡಿದಿದ್ದ. ಹಗ್ಗದ ಒಂದು ಕಡೆ ರಾಮಾಂಜಿನಪ್ಪ. ಇನ್ನೊಂದು ಕಡೆ ಲುಂಗಿ ಎತ್ತಿಕಟ್ಟಿ, ಬೆವರಿಳಿಸುತ್ತ, ನಲ್ಲಪ್ಪ.

“ಇರಣ್ಣ, ಅವ್ನಿಗೆ ಯೋಳು, ಅಗ್ಗ ಸಡ್ಲ ಬಿಡ್ಬ್ಯಾಡ ಅಂತ,” ಎಂದರು ರಾಮಾಂಜಿನಪ್ಪ.

“ನಾನೇನು ಕೈಬಿಟ್ಟಿದ್ದೀನಾ, ಕೇಳು ಅವ್ರ್ನ,” ಎಂದ ನಲ್ಲಪ್ಪ.

“ಇಬ್ರೂ ಸುಮ್ನೆ ಎಳೀರಿ ಯಜಮಾನ್ರೇ,” ಇರಣ್ಣ ಹಲ್ಲು ಕಚ್ಚಿ ಹೇಳಿದ. “ಪೈಪು ಕೈಜಾರಿ ಒಳಕ್ಕೆ ಬಿದ್ರೆ ನಿಮ್ಮ ಜಗಳಾನೂ ಅದ್ರ ಜತೆ ಬಾವಿಗೆ ಓಯ್ತದೆ.”

ವನಜಾ ಕಣ್ಣು ಕೆಳಗಿಳಿಸಿದಳು. ಗೋಡೆಯ ಬುಡದಲ್ಲಿ ಗೋಣಿತಾಟು ಮುಚ್ಚಿದ ಒಂದು ತೂತು. ಅದರಿಂದ ದಪ್ಪನೆಯ ಪೈಪು ಈಚೆ ಬಂದು ಟ್ಯಾಂಕರ್ ನಿಲ್ಲುವ ಜಾಗದಲ್ಲಿ ಮುಗಿದಿತ್ತು. ಈಗ ಅವಳು ಯಾರ ಮುಲಾಜನ್ನೂ ನೋಡಲಿಲ್ಲ. ನೇರ ಮೂಲೆಗೆ ಹೋಗಿ ಬೋರಿನ ತಗಡು ಎತ್ತಿದಳು. ಒಳಗೆ ಜೇಡರ ಬಲೆ. ಒಂದು ಕಲ್ಲು ಹಾಕಿ ಕಿವಿಗೊಟ್ಟಳು. ಗಡಗಡ ಎಂದು ಇಳಿಯಿತೇ ಹೊರತು ನೀರಿನ ಸದ್ದು ಬರಲಿಲ್ಲ.

“ನೋಡ್ಬಾರ್ದಾಗಿತ್ತು ಕಣಮ್ಮ ನೀನು.” ಹಿಂದೆ ಭಾಗ್ಯಮ್ಮ ನಿಂತಿದ್ದಳು.

“ಯಾವಾಗ ಬತ್ತಿದ್ದು ಚಿಕ್ಕತ್ತೆ?”

“ಎಲ್ಡು ಬ್ಯಾಸ್ಗೆ ಆಯ್ತು.”

ಅಷ್ಟರಲ್ಲಿ ನಲ್ಲಪ್ಪ ಕೈ ಒರೆಸಿಕೊಳ್ಳುತ್ತ ಬಂದ. ತಗಡು ವನಜಾಳ ಕೈಯಲ್ಲಿರುವುದನ್ನು ನೋಡಿ ಅವನ ಮುಖ ಕಪ್ಪಿಟ್ಟಿತು.

“ಆಣೆ ಮುರ್ದಿಲ್ಲ ತಾಯಿ ನಾನು. ಒಂದು ತೊಟ್ಟು ನಾಲ್ಗೆಗೆ ಮುಟ್ಸಿಲ್ಲ. ನಾವು ಕುಡ್ಯೋದು, ಬೇಯ್ಸೋದು ಎಲ್ಲ ಕ್ಯಾನ್ ನೀರು. ಇದು ಬರೀ ಯಾಪಾರಕ್ಕೆ.”

“ವ್ಯಾಪಾರಕ್ಕೆ ಅಂದ್ರೆ ನನ್ನ ಮಕ್ಕಳು ಕುಡಿಯೋಕೆ ಅಲ್ವಾ ಮಾವ?”

“ನೀನು ಫಿಲ್ಟ್ರು ಆಕ್ಸಿದ್ದೀಯಲ್ಲ.”

“ಒಂದು ಮಾತು ಹೇಳ್ಬಹುದಿತ್ತು.”

“ಏನಂತ ಯೋಳ್ಲಿ? ಬೋರು ಬತ್ತೋಯ್ತು ಅಂದ್ರೆ ಗಿರಾಕಿ ಓಯ್ತಾರೆ. ಅವ್ನ ತಾವ ನೀರಿಡಿತೀನಿ ಅಂದ್ರೆ ಮಾನ ಓಯ್ತದೆ. ಎಲ್ಡೂ ಕಳ್ಕಂಡು ಊರಲ್ಲಿ ಎಂಗೆ ಓಡಾಡ್ಲಿ?”

ಗೋಡೆಯ ಮೇಲಿಂದ ರಾಮಾಂಜಿನಪ್ಪನ ತಲೆ ಕಂಡಿತು. ತಮ್ಮನತ್ತ ನೋಡದೆ ವನಜಾಳಿಗೇ ಹೇಳಿದರು. “ಅವ್ನು ಬಾಯ್ಬಿಟ್ಟು ಕೇಳ್ಲಿಲ್ಲ ತಾಯಿ. ನಾನೂ ಕೊಡ್ತೀನಿ ಅನ್ಲಿಲ್ಲ. ಪೈಪು ಆಕ್ಸಿದೆ, ಅಷ್ಟೇಯ.”

ಇಷ್ಟು ದಿನ ‘ಬರದಿದ್ದರೆ ಚಿಕ್ಕಮಾವನಿಗೆ ಹೇಳ್ತೀನಿ’ ಎಂದು ತಾನು ಹೆದರಿಸಿದಾಗಲೆಲ್ಲ ಈ ಮನುಷ್ಯ ಒಳಗೇ ನಗುತ್ತಿದ್ದಿರಬೇಕು ಎಂದು ವನಜಾಳಿಗೆ ಹೊಳೆಯಿತು. ಎರಡು ಟ್ಯಾಂಕರು, ಎರಡು ಬಣ್ಣ, ಎರಡು ಫೋನ್ ನಂಬರು. ತಳದಲ್ಲಿ ಒಂದೇ ಮೋಟ್ರು. ಸಿಟ್ಟು ಬಂದದ್ದು ಅವರ ಮೇಲೋ ತನ್ನ ಮೇಲೋ ತಿಳಿಯಲಿಲ್ಲ. ತಗಡನ್ನು ನೆಲಕ್ಕೆ ಬಿಟ್ಟು ಹೊರಟಳು.

ಮನೆಗೆ ಬಂದು ಫೋನು ಹಿಡಿದು ಕೂತಳು. ಒಬ್ಬೊಬ್ಬ ತಾಯಿಗೂ ಮಾಡಿದಳು, ಬಂದು ಕರೆದುಕೊಂಡು ಹೋಗಿ ಎಂದಳು. ಯಾವ ಫೋನು ಹೋಗಬಾರದು ಎಂದು ವೇಣಿ ಹೇಳಿದ್ದಳೋ ಅದೇ ಫೋನು. ಮೀಟಿಂಗಿನಿಂದ ಎದ್ದು ಬಂದವರ ಮುಖಗಳು ಗಂಟಿಕ್ಕಿದ್ದವು. ಒಬ್ಬಾಕೆ ಮಗುವಿನ ಚಡ್ಡಿಯ ವಾಸನೆ ನೋಡಿ ಎತ್ತಿಕೊಂಡು ಹೋದಳು.

ವೇಣಿ ಕೊನೆಗೆ ಬಂದಳು. “ಇಬ್ರಿದ್ದಾರೆ ಅಂದಿದ್ರಲ್ಲ?”

ವನಜಾ ಬಾಯಿ ತೆರೆಯುವ ಮೊದಲೇ ಈಶ್ವರಮ್ಮ ಮುಂದೆ ಬಂದರು. “ಒಂದು ಕಡೆ ಮೋಟ್ರು ಸುಟ್ಟೋಯ್ತು ಕಣ್ರವ್ವ. ಇನ್ನೊಂದು ಗಾಡಿ ಪಂಚರ್ರು. ನಮ್ಮ ಗ್ರಾಚಾರ.” ಹೇಳುತ್ತ ಸೊಸೆಯತ್ತ ಕಣ್ಣು ಹೊರಳಿಸಿದರು. ಮನೆತನದ ಮಾತು ಹೊರಗೆ ಹೋಗದಿರಲಿ ಎಂಬುದು ಆ ಕಣ್ಣಿನ ಅರ್ಥ.

ಸುಳ್ಳು ಚೆನ್ನಾಗಿಯೇ ಇತ್ತು. ವೇಣಿಯ ಮುಖವೂ ಸ್ವಲ್ಪ ಸಡಿಲವಾಯಿತು. ಹೌದೆಂದು ತಲೆಯಾಡಿಸಿದರೆ ಸಾಕಿತ್ತು, ಮರಿಗುಬ್ಬಿ ಉಳಿಯುತ್ತಿತ್ತು. ವನಜಾ ವೇಣಿಯ ಮಗಳನ್ನು ನೋಡಿದಳು. ಮಗು ಬಾಯಾರಿ ತುಟಿ ನೆಕ್ಕಿಕೊಳ್ಳುತ್ತಿತ್ತು. ನಾಳೆ ಇದೇ ಮಗುವನ್ನು ಇವಳು ಇದೇ ಸುಳ್ಳನ್ನು ನಂಬಿ ಬಿಟ್ಟುಹೋಗುತ್ತಾಳೆ. ಇನ್ಯಾರೋ ತನಗೆ ಹೀಗೆ ಹೇಳಿ ತನ್ನ ಮಗುವನ್ನು ಇಟ್ಟುಕೊಂಡರೆ, ತಾನು ಸುಮ್ಮನಿರುತ್ತಿದ್ದೆನೇ?

“ಪಂಚರ್ ಅಲ್ಲ ಮೇಡಂ. ಟ್ಯಾಂಕರ್ ಎರಡು, ಬೋರು ಒಂದೇ. ತಮ್ಮಂದು ಬತ್ತಿ ಎರಡು ವರ್ಷ ಆಗಿದೆ, ಅಣ್ಣನ ಹತ್ರಾನೇ ತುಂಬಿಸ್ತಾ ಇದ್ರು. ನೋಡಿದ್ದೀನಿ ಅಂದಿದ್ದೆ, ನೋಡಿರ್ಲಿಲ್ಲ. ನೀವು ಉಳಿಸಿ ಅಂದ ನೀರನ್ನೂ ಉಳಿಸಿರ್ಲಿಲ್ಲ.”

ಈಶ್ವರಮ್ಮ ಸೆರಗು ಕೊಡವಿ ಒಳಗೆ ಹೋದರು.

ವೇಣಿ ಹೊಗಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮಗಳನ್ನು ಸೊಂಟಕ್ಕೆ ಎತ್ತಿಕೊಂಡು ಗೇಟಿನವರೆಗೆ ಹೋಗಿ ತಿರುಗಿದಳು. “ನಮ್ಮ ಮಕ್ಕಳು ನಾಳೆಯಿಂದ ಬರಲ್ಲ. ಬೇರೆ ಏರ್ಪಾಡು ಮಾಡ್ಕೊಂಡು ಫೋನ್ ಮಾಡಿ. ಈ ಸಲ ನಿಮ್ಮ ಮಾತು ಕೇಳಲ್ಲ ನಾನು. ಬಂದು ನೋಡ್ತೀನಿ.”

ಮುಂದಿನ ದಿನಗಳಲ್ಲಿ ಮನೆಯಲ್ಲಿ ಪಿಜಿಯ ಮಾತು ಜೋರಾಯಿತು. ನಂದೀಶ ಅಳತೆ ಪಟ್ಟಿ ಹಿಡಿದು ಬಂದಾಗ ವನಜಾ ಅದನ್ನು ಅವನ ಕೈಯಿಂದ ಕಿತ್ತುಕೊಂಡು ಸಂಪಿನ ಬಳಿ ಹೋದಳು. ಗಾರೆಯವನನ್ನು ಕರೆಸಿ, ಸಂಪಿನ ನಡುವೆ ಗೋಡೆ ಕಟ್ಟಿಸಿದಳು. ಒಂದು ಭಾಗ ದಿನದ ಬಳಕೆಗೆ, ಇನ್ನೊಂದು ಭಾಗಕ್ಕೆ ಕೈ ಹಾಕುವಂತಿಲ್ಲ. ಸೊಳ್ಳೆಯ ಭಯಕ್ಕೆ ಬಿಗಿಯಾದ ಮುಚ್ಚಳ, ಗಾಳಿಕೊಳವೆಗೆ ಸಣ್ಣ ಜಾಲರಿ. ಉಳಿಸಿಟ್ಟ ನೀರು ಹಳತಾಗದಂತೆ ಮೊದಲು ಅದನ್ನೇ ದಿನದ ಭಾಗಕ್ಕೆ ತಿರುಗಿಸಿ ಆಮೇಲೆ ಹೊಸದನ್ನು ತುಂಬಿಸುವ ಏರ್ಪಾಡು. ಮುನಿಯಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡಿ, “ಇದಕ್ಕೂ ಭಾಗ ಆಯ್ತಾ” ಎಂದಳು.

ಟ್ಯಾಂಕರಿಗೆ ಮಾತ್ರ ನೆಂಟರ ಬಳಗದಿಂದ ಹೊರಗೆ ಹೋದಳು. ಹೊಸಕೋಟೆ ರಸ್ತೆಯ ಆಚೆ ಸಿದ್ದಲಿಂಗಯ್ಯ ಎಂಬವರ ಬೋರು. ಅವರ ಹೆಸರು ಬಿಟ್ಟರೆ ಅವಳಿಗೆ ಏನೂ ಗೊತ್ತಿರಲಿಲ್ಲ, ಗೊತ್ತಿಲ್ಲದ್ದೇ ಒಳ್ಳೆಯದೆನಿಸಿತು. ವೇಣಿಯನ್ನು ಕರೆದುಕೊಂಡು ಹೋದಳು. ಇಬ್ಬರು ಹೆಂಗಸರೂ ಉರಿಬಿಸಿಲಿನಲ್ಲಿ ನಿಂತು, ಮೋಟ್ರು ಹಾಕಿಸಿ, ನೀರು ಬೀಳುವುದನ್ನು ನೋಡಿದರು. ಕರೆಂಟು ಹೋದರೆ ಏನು ಎಂದು ವೇಣಿ ಕೇಳಿದಳು, ಜನರೇಟರ್ ತೋರಿಸಿದರು. ಆ ಜನರೇಟರನ್ನೂ ಚಾಲೂ ಮಾಡಿ ಎಂದಳು ವನಜಾ. ಈ ಬೋರಿನಿಂದ ಇನ್ಯಾರ ಗಾಡಿ ತುಂಬುತ್ತದೆ ಎಂದು ಕೇಳಿದಳು. ಸುತ್ತ ನಡೆದು ಎಲ್ಲಾದರೂ ಪೈಪು ಗೋಡೆ ದಾಟಿದೆಯೇ ಎಂದು ನೋಡಿದಳು. ಸಿದ್ದಲಿಂಗಯ್ಯ ತಲೆ ಕೆರೆದುಕೊಂಡು, “ನೀವು ನೀರು ತಗಳಾಕೆ ಬಂದಿದ್ದೀರೋ ರೇಡ್ ಮಾಡಾಕೋ ಅಮ್ಮ?” ಎಂದರು.

ರಾಮಾಂಜಿನಪ್ಪನನ್ನು ಬಿಡಲಿಲ್ಲ. ಮೋಟ್ರು ರಿಪೇರಿಯಾದ ಮೇಲೆ ಅವರ ಲೋಡೂ ಬರುತ್ತಿತ್ತು. ನಲ್ಲಪ್ಪನಿಗೆ ಹೇಳುವುದನ್ನು ನಿಲ್ಲಿಸಿದಳು. ಸುದ್ದಿ ಹಬ್ಬಿ, ಅವನ ನೀರು ತರಿಸುತ್ತಿದ್ದ ಅಪಾರ್ಟ್‌ಮೆಂಟಿನವರು ಬೋರು ತೋರಿಸಿ ಎಂದು ಬಂದು ನಿಂತರಂತೆ. ಅವನು ಟ್ಯಾಂಕರ್ ಮಾರಿದ. ದಾರಿಯಲ್ಲಿ ಎದುರಾದರೆ ವನಜಾಳನ್ನು ನೋಡದವನಂತೆ ಹೋಗುತ್ತಿದ್ದ. ಈಶ್ವರಮ್ಮ ಸೊಸೆಯ ಜೊತೆ ಮಾತಾಡಬೇಕಾದರೆ ಮುನಿಯಕ್ಕನ ಮೂಲಕ ಹೇಳಿಸತೊಡಗಿದರು. ಇದೆಲ್ಲ ವನಜಾಳಿಗೆ ನೋವಾಗದ ವಿಷಯವಲ್ಲ. ಹಾಗೆಂದು ಮರಳಿ ನಂಬುವ ಮನಸ್ಸೂ ಬರಲಿಲ್ಲ.

ವೇಣಿ ಫೋನು ಮಾಡಿ, ಸೋಮವಾರ ಕೆಲವು ಮಕ್ಕಳು ಬರುತ್ತಾರೆ, ಎಲ್ಲರೂ ಅಲ್ಲ, ಉಳಿದ ತಾಯಂದಿರು ಕಾದು ನೋಡುತ್ತಾರಂತೆ ಎಂದಳು. ತನ್ನ ಮಗಳ ಬಗ್ಗೆ ಏನೂ ಹೇಳಲಿಲ್ಲ. ಸೋಮವಾರ ಬೆಳಿಗ್ಗೆ ಗೇಟಿನಲ್ಲಿ ಇಳಿದ ಮೊದಲ ಮಗು ಅವಳೇ.

ಸ್ವಲ್ಪ ಹೊತ್ತಿಗೆ ಸಿದ್ದಲಿಂಗಯ್ಯನವರ ಮೊದಲ ಲೋಡು ಬಂತು. ಡ್ರೈವರ್ ಸಿದ್ದರಾಜು ಪೈಪು ಎಳೆದುಕೊಂಡು ಸಂಪಿನತ್ತ ನಡೆದ. ವನಜಾ ಸಂಪಿನ ಮುಚ್ಚಳದ ಮೇಲೆ ನಿಂತಿದ್ದಳು, ಕೈಯಲ್ಲಿ ಸ್ಟೀಲಿನ ಲೋಟ. ಪೈಪಿನ ತುದಿಯ ವಾಲ್ವು ಸ್ವಲ್ಪ ತಿರುಗಿಸಿ ಲೋಟ ತುಂಬಿಸಿಕೊಂಡು ಅವನತ್ತ ಚಾಚಿದಳು.

“ಮೊದ್ಲು ನೀವು ಕುಡೀರಿ ಅಣ್ಣ.”

“ನಾನಾ? ಯಾಕಕ್ಕ, ನೀರು ಚೆನ್ನಾಗೈತೆ.”

“ಅದಕ್ಕೇ ಕುಡೀರಿ.”

ಅವನು ಮುನಿಯಕ್ಕನ ಮುಖ ನೋಡಿದ. ಮುನಿಯಕ್ಕ, “ಕುಡ್ದುಬಿಡಪ್ಪ, ಇಲ್ದಿದ್ರೆ ಆಯಮ್ಮ ಅಲ್ಲಿಂದ ಕದಲಾಕಿಲ್ಲ” ಎಂದಳು. ಅವನು ನಗುತ್ತ ಲೋಟ ತೆಗೆದುಕೊಂಡ. ವನಜಾ ನಗಲಿಲ್ಲ. ಅವನ ಗಂಟಲು ಏರಿಳಿಯುವುದನ್ನೇ ನೋಡುತ್ತಿದ್ದಳು. ಲೋಟ ಬರಿದಾದ ಮೇಲೆ ಕೈಗೆ ತೆಗೆದುಕೊಂಡು ಒಳಗೆ ಇಣುಕಿದಳು. ಆಮೇಲೂ ಕೊಂಚ ಹೊತ್ತು ಅವನ ಮುಖ ನೋಡಿ, ನಂತರವೇ ಮುಚ್ಚಳದಿಂದ ಕೆಳಗಿಳಿದಳು.